ಅಂಗೈಯಲ್ಲಿ ಊರು ಹಿಡಿದವಳು

"ಇಳೀರಿ ಕೆಳಗೆ. ಈಗಲೇ."

ಧೃತಿಯ ದನಿ ಖಾಲಿ ಸಭಾಂಗಣದ ಕಲ್ಲುಗಳಿಗೆ ಬಡಿದು ಅವಳಿಗೇ ವಾಪಸು ಬಂತು.

ಹದಿನಾಲ್ಕು ಅಡಿ ಎತ್ತರದ ಅಟ್ಟಣಿಗೆಯ ಮೇಲೆ ನಿಂತಿದ್ದವನು ಇಳಿಯಲಿಲ್ಲ. ತಿರುಗಿಯೂ ನೋಡಲಿಲ್ಲ. ತೆಳುಹಸಿರು ಗೋಡೆಗೆ ಕಿವಿಯೊತ್ತಿ, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಸೊಂಟದ ಪಟ್ಟಿಯಲ್ಲಿ ಸುತ್ತಿಗೆಯೊಂದು ತೂಗುತ್ತಿತ್ತು.

ಆ ಸುತ್ತಿಗೆ ಕಂಡೇ ಅವಳ ಮೈ ಉರಿದದ್ದು.

"ನಿಮಗೇ ಹೇಳ್ತಿರೋದು."

"ಒಂದ್ ನಿಮಿಷ ಸುಮ್ನಿರ್ರಿ," ಎಂದ ಅವನು, ಗೋಡೆಯ ಕಡೆಗೇ ಮುಖ ಮಾಡಿಕೊಂಡು. "ನಿಮ್ಮ ಒದರಾಟದಾಗ ಗ್ವಾಡಿ ಮಾತು ಕೇಳವಲ್ದು."

ಒದರಾಟ ಅಂತೆ... ಎಷ್ಟು ಸೊಕ್ಕು ಇವನಿಗೆ!

ಎಲ್ಕ್ ಗ್ರೋವ್ ವಿಲೇಜ್‌ನಿಂದ ದಕ್ಷಿಣಕ್ಕೆ ಹನ್ನೆರಡು ಮೈಲಿ ದೂರದ ಆ ಹಳೆಯ ಕಟ್ಟಡವನ್ನು ಕನ್ನಡ ಬಳಗ ಹೋದ ವರ್ಷ ಕೊಂಡಿತ್ತು. ಇಟಲಿಯ ರೊಕ್ಕಾಮೊರೀನಾ ಎಂಬ ಬೆಟ್ಟದ ಹಳ್ಳಿಯಿಂದ ಬಂದ ಕಲ್ಲುಕುಟಿಗರು, ಗಾರೆಯವರು ನೂರು ವರ್ಷದ ಹಿಂದೆ ತಮಗಾಗಿ ಕಟ್ಟಿಕೊಂಡದ್ದು. ಒಳಗೆ ಕಾಲಿಟ್ಟರೆ ಅವರ ಊರಿನ ಒಂದು ಬೀದಿಯೇ ಎದುರಾಗುತ್ತಿತ್ತು. ಎರಡೂ ಬದಿಗೆ ಕಲ್ಲಿನ ಬಾಗಿಲುವಾಡಗಳು, ಒಂದರ ಹಾಗೆ ಇನ್ನೊಂದಿಲ್ಲ. ಕಮಾನಿನ ನೆತ್ತಿಯಲ್ಲಿ ಆಯಾ ಮನೆತನದ ಕಸುಬಿನ ಗುರುತು. ಒಂದರ ಮೇಲೆ ಕತ್ತರಿ, ಒಂದರ ಮೇಲೆ ಕುರಿ, ಒಂದರ ಮೇಲೆ ಬಟ್ಟಲು.

ವೇದಿಕೆಯ ಹಿಂದಿನ ಗೋಡೆ ಮಾತ್ರ ಬೋಳು. ಅಲ್ಲಿ ದೊಡ್ಡ ಎಲ್‌ಇಡಿ ಪರದೆ ಹಾಕಬೇಕೆಂದು ಬಳಗದ ಅಧ್ಯಕ್ಷ ಪದ್ಮನಾಭ ಅಂಕಲ್ ಅವರ ಆಸೆ. ಆದರೆ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿತ್ತು. ತಜ್ಞರ ವರದಿ ಬರುವ ತನಕ ಗೋಡೆ ಮುಟ್ಟಬಾರದು ಎಂದು ಊರಿನ ಮಂಡಳಿ ಹೇಳಿತ್ತು. ಆ ತಜ್ಞೆಯೇ ಧೃತಿ. ಇಟಾಸ್ಕಾದ ಒಂದು ಸಂಸ್ಥೆಯಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸ ಅವಳದು. ಮೈಸೂರಿನಿಂದ ಹತ್ತನೇ ವಯಸ್ಸಿಗೆ ಬಂದವಳು, ಹೆಸರಿನ ಮುಂದೆ ಎರಡು ಡಿಗ್ರಿ.

ವರದಿಯ ಮೊದಲ ಅಕ್ಷರ ಬರೆಯುವ ಮುನ್ನವೇ ಸುತ್ತಿಗೆ ಹಿಡಿದವನೊಬ್ಬ ಗೋಡೆ ಹತ್ತಿ ನಿಂತಿದ್ದಾನೆ!

ಅವನು ಕೊನೆಗೂ ಇಳಿದ. ಇಪ್ಪತ್ತೇಳರ ಆಸುಪಾಸು. ಸುಣ್ಣ ತಿಂದು ಬಿರಿದ ಕೈಗಳು. ಹೆಸರು ವೀರೇಶ್. ಹಸಿರು ಗಾರೆ ಕೆರೆದು ಗೋಡೆ ಸಪಾಟು ಮಾಡು ಎಂದು ಪದ್ಮನಾಭ ಅಂಕಲ್ಲೇ ಕರೆಸಿದ್ದಾಗಿಯೂ, ಮೂರು ದಿನದ ಹಿಂದೆ ತಾನೇ ಕೆಲಸ ನಿಲ್ಲಿಸಿದ್ದಾಗಿಯೂ ಹೇಳಿದ. ಯಾಕೆ ಎಂದು ಕೇಳಿದ್ದಕ್ಕೆ ಮೇಲೆ ಕೈ ತೋರಿಸಿದ. ಹಸಿರಿನ ನಡುವೆ ಅಂಗೈಯಗಲದ ಒಂದು ಕಿಂಡಿ. ಅದರೊಳಗೆ ಕೆಂಪು... ಮಾಗಿದ ಕೆಂಪು.

ಒಂದು ಕ್ಷಣ ಅವಳ ಸಿಟ್ಟು ಮರೆತುಹೋಯಿತು. ಮರುಕ್ಷಣ, ಓದಿದವರು ಯಾವಾಗಲೂ ಮೊದಲು ಕೇಳುವ ಪ್ರಶ್ನೆಯನ್ನೇ ಅವಳೂ ಕೇಳಿದಳು.

"ನೀವು ಎಲ್ಲಿ ಟ್ರೇನಿಂಗ್ ತಗೊಂಡಿದ್ದು?"

ಅವನ ದವಡೆ ಬಿಗಿಯಿತು. "ಹನ್ನೊಂದ್ನೇ ಕ್ಲಾಸಿಗೆ ಸಾಲಿ ಬಿಟ್ಟೇನ್ರಿ. ಪೇಪರ್ ಬೇಕಂದ್ರ ಆಫೀಸಿಗೆ ಹೋಗ್ರಿ. ಗ್ವಾಡಿ ಬೇಕಂದ್ರ ಮ್ಯಾಲ ಬರ್ರಿ."

ಧೃತಿ ಹೈ ಹೀಲ್ಸ್ ಬಿಚ್ಚಿ ಮೂಲೆಗೆ ಎಸೆದಳು. ಏಣಿ ಹತ್ತಿದಳು.

*

ವೀರೇಶನ ಮನೆ ಪ್ಲಿಮತ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ತಂದೆ ರಾಜಶೇಖರ್ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರ್. ಬಾಗಲಕೋಟೆಯಿಂದ ಬಂದಾಗ ಹುಡುಗನಿಗೆ ಹದಿನೈದು. ಕ್ಲಾಸಿನಲ್ಲಿ ಬಾಯಿ ತೆರೆದರೆ ಹಿಂದಿನ ಬೆಂಚು ನಗುತ್ತಿತ್ತು. ಎರಡು ವರ್ಷ ತಡೆದುಕೊಂಡ. ಮೂರನೆಯ ವರ್ಷ ನಕ್ಕವನೊಬ್ಬನ ಮೂಗು ಒಡೆದು, ಬ್ಯಾಗನ್ನು ಅಲ್ಲೇ ಬಿಟ್ಟು ಹೊರನಡೆದ.

ಮರುವಾರ ನೆಲ್ಲೊ ಎಂಬ ಇಟಾಲಿಯನ್ ಮುದುಕ ಗಾರೆಯವನ ಹತ್ತಿರ ಸುಣ್ಣ ಕಲಸಲು ಸೇರಿದ. ನೆಲ್ಲೊ ಅವನ ಇಂಗ್ಲಿಷಿಗೆ ನಗಲಿಲ್ಲ. ನೆಲ್ಲೊನ ಇಂಗ್ಲಿಷೂ ಅಷ್ಟರಲ್ಲೇ ಇತ್ತು.

ಮನೆಗೆ ಅತಿಥಿಗಳು ಬಂದರೆ ರಾಜಶೇಖರ್ ಅವರು ಮಗ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್‌ನಲ್ಲಿ ಇದ್ದಾನೆ ಎನ್ನುತ್ತಿದ್ದರು. ಗಾರೆಯವನು ಎಂಬ ಒಂದು ಪದ ಅಪ್ಪನ ಬಾಯಿಂದ ಹತ್ತು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ. ವೀರೇಶ ಹಾಲ್‌ನಲ್ಲಿ ಕೂರುವುದನ್ನೇ ಬಿಟ್ಟಿದ್ದ.

ಇದನ್ನೆಲ್ಲ ಅವನು ಧೃತಿಗೆ ಒಂದೇ ದಿನ ಹೇಳಲಿಲ್ಲ. ಮೂರು ವಾರದಲ್ಲಿ, ತುಂಡು ತುಂಡಾಗಿ, ಹೆಚ್ಚಾಗಿ ಗೋಡೆಯ ಕಡೆ ನೋಡಿಕೊಂಡೇ ಹೇಳಿದ.

ಮಂಡಳಿಯ ಅನುಮತಿ ಪಡೆದು, ಅವಳ ಉಸ್ತುವಾರಿಯಲ್ಲಿ, ಅವನು ಹಸಿರು ಗಾರೆ ಬಿಡಿಸತೊಡಗಿದ್ದ. ಮೊದಲ ವಾರ ಇಬ್ಬರೂ ಜಗಳವಾಡಿದರು. ಅವಳು ಅಳತೆ ಬರೆಯಲು ನಿಲ್ಲಿಸು ಎಂದರೆ ಅವನು ಗೊಣಗುತ್ತಿದ್ದ. ಅವನು ಫೋನ್ ಬಂದ್ ಮಾಡಿ ಗೋಡೆ ಕೇಳು ಎಂದರೆ ಅವಳು ಮುಖ ತಿರುಗಿಸುತ್ತಿದ್ದಳು.

ಒಂದು ದಿನ ಅವಳೂ ಕಿವಿಯೊತ್ತಿದಳು. ಅವನು ಅವಳ ಎದುರಿಗೇ ಕಿವಿಯೊತ್ತಿ ತಟ್ಟಿದ. ಗಟ್ಟಿ ಹಿಡಿದ ಕಡೆ ಮಂದ ಸದ್ದು, ಬಿಟ್ಟುಕೊಂಡ ಕಡೆ ಪೊಳ್ಳು. ಇಬ್ಬರ ಮುಖಗಳ ನಡುವೆ ಒಂದು ಗೇಣು. ಅವನ ರೆಪ್ಪೆಯ ಮೇಲೂ ಸುಣ್ಣದ ಪುಡಿ ಇತ್ತು.

'ನೋಡ್ತಿದಾನಾ?... ಇಲ್ಲ, ಕೇಳಿಸಿಕೊಳ್ತಿದಾನೆ. ನಾನೇ ನೋಡ್ತಿರೋದು!'

ಅವಳ ಕೆನ್ನೆ ಬಿಸಿಯಾಯಿತು. ಕಲ್ಲುಗೋಡೆ ತಣ್ಣಗಿತ್ತು, ಪುಣ್ಯಕ್ಕೆ.

ಎರಡನೆಯ ವಾರ ಒಂದು ಕೈ ಕಂಡಿತು. ಹೆಣ್ಣಿನ ಕೈ. ಅಂಗೈಯ ಮೇಲೆ ಒಂದು ಇಡೀ ಊರು! ಬೆಟ್ಟದ ಮೈಗೆ ಅಂಟಿದ ಮನೆಗಳು, ಮೆಟ್ಟಿಲುಬೀದಿ, ಚಪ್ಪಡಿಕಲ್ಲಿನ ಸೂರುಗಳು, ಉಗುರಿನಷ್ಟು ಗಂಟೆಗೋಪುರ. ಆ ಭಾಗದಲ್ಲಿ ಹಸಿರು ಗಾರೆ ಹಪ್ಪಳದ ಹಾಗೆ ಹಾಳೆಹಾಳೆಯಾಗಿ ಕೈಗೆ ಬಂದಿತ್ತು. ಚಿತ್ರಕ್ಕೆ ಒಂದು ಗೀರೂ ಆಗಿರಲಿಲ್ಲ.

ಆಗ ವೀರೇಶ ನಿಜ ಹೇಳಿದ. ಅವನು ಈ ಕೆಲಸಕ್ಕೆ ಇನ್ನೂರೆಂಬತ್ತು ಮೈಲಿ ಬಂದದ್ದೇ ಗೋಡೆಯ ಈ ಹೆಣ್ಣಿಗಾಗಿ. ರೊಕ್ಕಾಮೊರೀನಾದ ಊರಬಾಗಿಲ ಮೇಲೆ ಊರು ಕಾಯುವ ಇದೇ ದೇವಮಾತೆಯ ಚಿತ್ರವಿತ್ತಂತೆ, ಐನೂರು ವರ್ಷ ಹಳೆಯದು. ಕೆಲವು ವರ್ಷದ ಹಿಂದಿನ ಭೂಕಂಪದಲ್ಲಿ ಬಾಗಿಲೂ ಬಿತ್ತು, ಬಾಗಿಲ ಹಿಂದಿನ ಬೀದಿಯೂ ಬಿತ್ತು. ಉಳಿದಿರುವುದು ಇಲ್ಲಿಯ ಪ್ರತಿ ಒಂದೇ. ಅವಳು ಆ ಹಸಿರಿನ ಹಿಂದೆ ಇದ್ದಾಳೆ ಎಂದು, ಆ ಊರಿನವರ ಮಗನೇ ಆದ ನೆಲ್ಲೊ ಹೇಳುತ್ತಿದ್ದ, ಯಾರೂ ನಂಬುತ್ತಿರಲಿಲ್ಲ.

"ನಂಗ್ಯಾಕೆ ಮೊದಲೇ ಹೇಳ್ಲಿಲ್ಲ?"

"ಹೇಳಿದ್ರ ನಂಬ್ತಿದ್ರೇನು? ಸಾಲಿ ಬಿಟ್ಟಾಂವ ಹೇಳಿದ್ದು?"

ಅವನು ಅವಳ ತೋರುಬೆರಳು ಹಿಡಿದು ಚಿತ್ರದ ಮೇಲೆ ನಿಧಾನಕ್ಕೆ ನಡೆಸಿದ. ಕಣ್ಣಿಗೆ ಕಾಣದ ಒಂದು ಏಣು ಬೆರಳಿಗೆ ತಾಗಿತು. ಹಸಿಗಾರೆಯ ಮೇಲೆ ಬರೆಯುವವರು ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟೇ ಗಾರೆ ಹಚ್ಚುತ್ತಾರೆ. ಮರುದಿನದ್ದು ಅದರ ಅಂಚಿಗೆ ಸೇರುತ್ತದೆ.

"ಇಲ್ಲಿ ಅವರ ಒಂದ್ ದಿನ ಮುಗೀತ್ರಿ," ಎಂದ. "ಇಲ್ಲಿಂದ ಮರುದಿನ."

ಬೆರಳು ಬಿಡುವುದನ್ನು ಅವನು ಮರೆತ. ಅವಳು ನೆನಪಿಸಲಿಲ್ಲ.

*

ಮೂರನೆಯ ವಾರದ ಶುಕ್ರವಾರ ಧೃತಿಗೆ ಆಫೀಸಿನಲ್ಲಿ ಮೀಟಿಂಗ್. ಅಂದು ವೀರೇಶನೊಬ್ಬನೇ ಮುಖದ ಭಾಗದ ಗಾರೆ ತೆಗೆದ. ಮಧ್ಯಾಹ್ನ ನೆಲ್ಲೊ ಬಿದ್ದು ಸೊಂಟ ಮುರಿದುಕೊಂಡ ಎಂಬ ಫೋನ್ ಬಂತು. ಬಿಡಿಸಿದ ಭಾಗಕ್ಕೆ ಬಟ್ಟೆ ಇಳಿಬಿಟ್ಟು, ಅವಳಿಗೆ 'ಊರಿಗೆ ಹೊಂಟೇನಿ, ಸೋಮವಾರ ಬರ್ತೇನಿ' ಎಂದಷ್ಟೇ ಮೆಸೇಜ್ ಹಾಕಿ ಹೊರಟ.

ಶನಿವಾರ ಬೆಳಿಗ್ಗೆ ಧೃತಿ ಬಂದಾಗ ಪದ್ಮನಾಭ ಅಂಕಲ್ ಆಗಲೇ ಅಲ್ಲಿದ್ದರು. ಅವಳ ಹನ್ನೊಂದನೇ ಹುಟ್ಟುಹಬ್ಬಕ್ಕೆ ಸೈಕಲ್ ಕೊಡಿಸಿದ್ದ ಅಂಕಲ್. ಬಟ್ಟೆ ಸರಿಸಿದ್ದು ಅವರೇ.

ಚಿತ್ರದ ತಾಯಿಯ ಮುಖ ಕಂಡಿತು.

ಧೃತಿ ಏಣಿ ಹತ್ತಿ ಹತ್ತಿರ ಹೋದಳು. ಹಣೆ, ಕೆನ್ನೆ, ಕೊರಳು... ಎಲ್ಲೆಲ್ಲೂ ಕುಳಿ! ಸುತ್ತಿಗೆಯ ಚೂಪುಮೂತಿಯ ಏಟುಗಳು. ನೂರಕ್ಕೂ ಹೆಚ್ಚು. ಸಿಡುಬು ಎದ್ದ ಮುಖದ ಹಾಗೆ.

ಅಂಕಲ್ ನಿಟ್ಟುಸಿರುಬಿಟ್ಟರು. ನಿನ್ನೆ ತಾವು ಬಂದಾಗ ಆ ಹುಡುಗ ಇಲ್ಲೇ ಸುತ್ತಿಗೆ ಬೀಸುತ್ತಿದ್ದನೆಂದೂ, ಮೆಲ್ಲಗೆ ಕಣಪ್ಪಾ ಎಂದರೂ ಕೇಳಲಿಲ್ಲವೆಂದೂ ಹೇಳಿದರು. ಓದಿಲ್ಲದ ಹುಡುಗ, ಪಾಪ, ಏನು ಗೊತ್ತಾಗುತ್ತೆ ಎಂದೂ ಸೇರಿಸಿದರು. ಆ 'ಪಾಪ' ಎಂಬ ಮಾತಿನಷ್ಟು ವಿಷ ಬೇರೆ ಯಾವ ಮಾತಿನಲ್ಲೂ ಇರುವುದಿಲ್ಲ. ಧೃತಿಗೆ ಅಂದು ಅದು ಕೇಳಿಸಲಿಲ್ಲ.

ಕೈಯ ಮೇಲಿನ ಗಾರೆ ಬಿಡಿಸಿದಾಗ ಒಂದು ಗೀರಿಲ್ಲ. ಮುಖಕ್ಕೆ ಮಾತ್ರ ಹೀಗೆ. ನಾನು ಒಂದು ದಿನ ಇರಲಿಲ್ಲ, ಒಂದೇ ದಿನ...

ಫೋನ್ ಕೈಗೆ ತೆಗೆದುಕೊಂಡಳು. ಅವನ ಹೆಸರಿನ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

ಅವನ ದನಿ ಕೇಳಿದರೆ ತಾನು ಕರಗಿಬಿಡುತ್ತೇನೆ ಎಂಬ ಭಯ ಅದು. ಆ ಭಯಕ್ಕೆ ಅವಳು ವೃತ್ತಿಧರ್ಮ ಎಂದು ಹೆಸರಿಟ್ಟಳು.

ಮಧ್ಯಾಹ್ನದೊಳಗೆ ವರದಿ ಮಂಡಳಿಗೆ ಹೋಯಿತು. 'ತರಬೇತಿಯಿಲ್ಲದ ಕೆಲಸಗಾರನಿಂದ ಸರಿಪಡಿಸಲಾಗದ ಹಾನಿ.' ಕೆಳಗೆ ಅವನ ಹೆಸರು, ಪೂರ್ತಿಯಾಗಿ.

ಎರಡು ವಾರದ ನಂತರ ವಿಚಾರಣೆ ಎಂದು ಮಂಡಳಿ ಉತ್ತರಿಸಿತು. ದೂರು ನಿಜವೆಂದಾದರೆ ಅವನು ಇನ್ನು ಮುಂದೆ ಪಟ್ಟಿಯಲ್ಲಿರುವ ಯಾವ ಹಳೆಯ ಕಟ್ಟಡವನ್ನೂ ಮುಟ್ಟುವಂತಿಲ್ಲ. ಶಾಲೆ ಬಿಟ್ಟವನಿಗೆ ಇದ್ದ ಒಂದೇ ಒಂದು ವಿದ್ಯೆ ಅದು.

*

ಸೋಮವಾರ ಅವನ ಟ್ರಕ್ ಬಂದಾಗ ಸಭಾಂಗಣದ ಬೀಗ ಬದಲಾಗಿತ್ತು. ಪಾರ್ಕಿಂಗ್ ಲಾಟ್‌ನಲ್ಲಿ ಅವಳು ನಿಂತಿದ್ದಳು. ಅವನ ಕೈಯಲ್ಲಿ, ಬಾಗಿಲಿಗೆ ಅಂಟಿಸಿದ್ದ ಮಂಡಳಿಯ ಕಾಗದ ಇತ್ತು.

"ಇದು ನೀ ಬರದದ್ದೇನು?"

"ನಾನು ಕಂಡಿದ್ದನ್ನ ಬರ್ದಿದೀನಿ."

"ನಾ ಕೇಳಿದ್ದು ಅದಲ್ಲ. ನೀನೇ ಬರದ್ಯೋ, ಆ ಪದ್ಮನಾಭ ಬರಸ್ಯಾನೋ?"

"ನಾನೇ."

ಅವನು ಕಾಗದವನ್ನು ನಾಲ್ಕಾಗಿ ಮಡಿಸಿದ. ಎಂಟಾಗಿ ಮಡಿಸಿದ.

"ಇಪ್ಪತ್ತೊಂದ್ ದಿನ ಬಾಜೂಕ ನಿಂತು ಕೆಲಸ ಮಾಡೀವಿ. ಒಂದ್ ಮಾತರ ಕೇಳಿದ್ಯೇನ ನನ್ನ? ಒಂದ್ ಫೋನು? ಕಳ್ಳಗೂ ಕೇಳ್ತಾರ, ನೀ ಕದ್ದೀಯೇನಂತ."

"ಏಟು ಕಣ್ಣೆದುರಿಗಿದೆ ವೀರೇಶ್! ಏನಂತ ಕೇಳ್ಬೇಕಿತ್ತು?"

"ಹೊಡದವರು ಯಾರಂತ ಕೇಳ್ಬೇಕಿತ್ತು. ನನ್ನ ಬ್ಯಾಡ, ಗ್ವಾಡೀನರ ಕೇಳ್ಬೇಕಿತ್ತು. ಕಲಿಸಿದ್ನಲ್ಲ ನಾ." ಅವನು ಟ್ರಕ್ಕಿನ ಬಾಗಿಲು ತೆಗೆದ. "ವಿಚಾರಣೆಗೆ ನಾ ಬರಂಗಿಲ್ಲ. ಡಿಗ್ರಿ ಇದ್ದವರು ಡಿಗ್ರಿ ಇದ್ದವರಿಗೆ ಹೇಳ್ಕೊಳ್ರಿ."

ನಿಜ ಹೇಳಬಹುದಿತ್ತು ಅವನು. ಎರಡೇ ವಾಕ್ಯ ಸಾಕಿತ್ತು. ಹೇಳಲಿಲ್ಲ. ಕೇಳದವರಿಗೆ ಹೇಳಿ ಹೇಳಿ ಸಾಕಾಗಿ ಹೋಗಿತ್ತು, ಹದಿನೈದನೇ ವಯಸ್ಸಿನಿಂದ.

*

ಆ ಶನಿವಾರದ ನಂತರ ಹತ್ತು ದಿನ ಧೃತಿ ಆ ಗೋಡೆಯ ಹತ್ತಿರ ಹೋಗಲಿಲ್ಲ. ಹನ್ನೊಂದನೆಯ ದಿನ ಹೋಗಲೇಬೇಕಾಯಿತು. ಹಾನಿಯಾದ ಪ್ರತಿ ಕುಳಿಯ ನಕ್ಷೆ ಬೇಕೆಂದು ಮಂಡಳಿ ಕೇಳಿತ್ತು.

ಭೂತಗನ್ನಡಿ ಹಿಡಿದು ಕೆನ್ನೆಯಿಂದ ಶುರು ಮಾಡಿದಳು. ಒಂದನೇ ಕುಳಿ, ಎರಡನೇ ಕುಳಿ. ಏಳನೆಯದಕ್ಕೆ ಬಂದಾಗ ಅವಳ ಪೆನ್ಸಿಲ್ ನಿಂತಿತು.

ಮೊನ್ನೆ ಮೊನ್ನೆ ಬಿದ್ದ ಏಟಾದರೆ ಕುಳಿಯೊಳಗೆ ತಾಜಾ ಸುಣ್ಣದ ಬಿಳುಪು ಇರಬೇಕು. ಇದರ ತಳದಲ್ಲಿ ಬೂದುಬಣ್ಣದ ಗಾರೆ ಕಚ್ಚಿಕೊಂಡಿತ್ತು. ಎಂಟನೆಯದರಲ್ಲೂ ಇತ್ತು, ಒಂಬತ್ತನೆಯದರಲ್ಲೂ. ಅದು ಮೇಲಿನ ಹಸಿರು ಪದರದ ಹಿಂಬದಿಯ ಗಾರೆ. ಅದೇ ದಪ್ಪ ಮರಳು, ಅದೇ ಕಪ್ಪು ಕಣಗಳು.

ಅಂದರೆ ಕುಳಿ ಮೊದಲು. ಹಸಿರು ಗಾರೆ ಆಮೇಲೆ.

ಹಳೆಯ ಗೋಡೆಯ ಮೇಲೆ ಹೊಸ ಗಾರೆ ಹಿಡಿಯಬೇಕಾದರೆ ಹಳೆಯದನ್ನು ಕೊಚ್ಚಿ ಕುಳಿ ಮಾಡಬೇಕು. ಮೈಸೂರಿನ ಅವರ ಮನೆಗೆ ಗಾರೆ ಮಾಡಲು ಬಂದವನೂ ಬೆಳಿಗ್ಗೆಯಿಂದ ಸಂಜೆಯವರೆಗೆ ಟಕ ಟಕ ಎಂದು ಅದನ್ನೇ ಮಾಡಿದ್ದ. ಪುಸ್ತಕದಲ್ಲೂ ಓದಿದ್ದಳು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದಳು!

ಎಂಬತ್ತು ವರ್ಷದ ಹಿಂದೆ ಯಾರೋ ಹೊಡೆದ ಏಟುಗಳು ಅವು. ಕೈ ಇದ್ದ ಕಡೆ ಕೊಚ್ಚಿರಲಿಲ್ಲ, ಅದಕ್ಕೇ ಗಾರೆ ಹಪ್ಪಳದಂತೆ ಬಂತು. ಮುಖದ ಮೇಲೆ ಕೊಚ್ಚಿದ್ದರು, ಅದಕ್ಕೇ ಗಾರೆ ಬಿಗಿಯಾಗಿ ಹಿಡಿದಿತ್ತು, ಅದಕ್ಕೇ ಅದನ್ನು ಬಿಡಿಸಲು ವೀರೇಶನಿಗೆ ಶುಕ್ರವಾರ ಸುತ್ತಿಗೆ ಬೇಕಾಯಿತು. ಪದ್ಮನಾಭ ಅಂಕಲ್ ನೋಡಿದ್ದು ಅದನ್ನು.

ನೂರಕ್ಕೂ ಹೆಚ್ಚು ಕುಳಿಗಳ ನಡುವಿನಿಂದ ಹಸಿರು ಗಾರೆಯನ್ನು ತೆಗೆದಿದ್ದ ಅವನು. ಬಣ್ಣದ ಮೇಲೆ ಅವನ ಸುತ್ತಿಗೆಯ ಒಂದು ಗುರುತೂ ಇರಲಿಲ್ಲ. ಒಂದೂ.

ಧೃತಿ ಅಟ್ಟಣಿಗೆಯ ಹಲಗೆಯ ಮೇಲೆ ಪೆನ್ಸಿಲ್ ಇಟ್ಟು ಕೂತಳು. ಅಳು ಬರಲಿಲ್ಲ. ಬಂದದ್ದು ಸಿಟ್ಟು. ತನ್ನ ಮೇಲೆಯೇ, ಮೈಯೆಲ್ಲ ಸುಡುವಂಥ ಸಿಟ್ಟು.

'ಹನ್ನೊಂದನೇ ಕ್ಲಾಸಿನವನು ಎಂದು ಅಲ್ಲವೇ ನೀನು ಕೇಳದೇ ಹೋದದ್ದು? ಇದೇ ಗೋಡೆಯ ಮುಂದೆ ಡಿಗ್ರಿ ಇರುವ ಒಬ್ಬ ನಿಂತಿದ್ದರೆ ಫೋನ್ ಮಾಡುತ್ತಿದ್ದೆ. ಮಾಡುತ್ತಿದ್ದೆ, ಧೃತಿ. ಸುಳ್ಳು ಹೇಳಬೇಡ.'

*

ಅವಳು ನೇರವಾಗಿ ಪದ್ಮನಾಭ ಅಂಕಲ್ ಮನೆಗೆ ಹೋದಳು. ಅವರು ಆಶ್ಚರ್ಯಪಡಲಿಲ್ಲ. ಆಶ್ಚರ್ಯಪಡದೆ ಇದ್ದದ್ದೇ ಅವಳಿಗೆ ಎಲ್ಲವನ್ನೂ ಹೇಳಿತು. ಏಟುಗಳು ಹಳೆಯವು ಎಂದು ಶುಕ್ರವಾರವೇ ಆ ಹುಡುಗ ಅವರಿಗೆ ವಿವರಿಸಿದ್ದ. ಆದರೆ ವರದಿಗೂ ಮುಂಚೆ ಗೋಡೆ ಕೆರೆಸಿದ್ದು ಬಳಗದ ತಪ್ಪು. ಆ ತಪ್ಪು ಒಬ್ಬ ಗಾರೆಯವನ ತಲೆಗೆ ಹೋದರೆ ಬಳಗದ ಮರ್ಯಾದೆ ಉಳಿಯುತ್ತದೆ, ಅವನಿಗೇನು, ಹೊಸ ಮನೆಗಳಿಗೆ ಡ್ರೈವಾಲ್ ಹಲಗೆ ಹಾಕಿಕೊಂಡು ಬದುಕುತ್ತಾನೆ, ನಿನ್ನ ಕೆರಿಯರ್ ನೋಡಿಕೋ ಮಗಳೇ ಎಂದು ಅವರು ಶಾಂತವಾಗಿ ಬುದ್ಧಿ ಹೇಳಿದರು. ಆಂಟಿ ಕಾಫಿ ತಂದಿಟ್ಟರು.

ಧೃತಿ ಕಾಫಿ ಮುಟ್ಟಲಿಲ್ಲ.

"ಅಂಕಲ್, ನೀವು ಸುಳ್ಳು ಹೇಳಿದ್ರಿ. ನಾನು ಅದಕ್ಕೆ ಸೈನ್ ಹಾಕಿದೆ. ನನ್ನದು ನಿಮಗಿಂತ ದೊಡ್ಡ ತಪ್ಪು. ನಾಡಿದ್ದು ಎರಡನ್ನೂ ಹೇಳ್ತೀನಿ."

ಹೇಳಿದಳು. ಶುಕ್ರವಾರ ಮಧ್ಯಾಹ್ನದ ವಿಚಾರಣೆಯಲ್ಲಿ, ಮಂಡಳಿಯ ಏಳು ಜನ, ಬಳಗದ ಇಪ್ಪತ್ತು ಜನರ ಮುಂದೆ ನಿಂತು, ಕುಳಿಗಳ ಚಿತ್ರ ಒಂದೊಂದಾಗಿ ತೋರಿಸಿದಳು. ತನ್ನ ವರದಿ ತಪ್ಪು ಎಂದಳು. ಆ ಕೆಲಸಗಾರನ ಕೈ ತಾನು ಕಂಡ ಕೈಗಳಲ್ಲೆಲ್ಲ ನಿಖರವಾದದ್ದು ಎಂದಳು. ವರದಿ ಬರೆಯುವ ಮುಂಚೆ ಅವನನ್ನು ಯಾಕೆ ವಿಚಾರಿಸಲಿಲ್ಲ ಎಂದು ಮಂಡಳಿಯ ಅಧ್ಯಕ್ಷೆ ಕೇಳಿದರು. ಸಬೂಬುಗಳು ನಾಲಿಗೆಯ ತುದಿಗೆ ಬಂದವು. ಎಲ್ಲವನ್ನೂ ನುಂಗಿ, ಅವನು ಓದಿಲ್ಲ ಎಂಬ ಕಾರಣಕ್ಕೆ ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ಕನ್ನಡದಲ್ಲಿ, ನಮ್ಮ ಹುಡುಗಿಯೇ ನಮ್ಮ ಮಾನ ಕಳೆದಳು ಎಂದದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ವೀರೇಶನ ಹೆಸರು ದೂರಿನಿಂದ ಹೊರಬಿತ್ತು. ಗೋಡೆಯ ಮೇಲೆ ಪರದೆ ಹಾಕಬಾರದು, ಹಸಿರು ಗಾರೆ ತೆಗೆದು ಚಿತ್ರವನ್ನು ಪೂರ್ತಿ ಹೊರತರಬೇಕು ಎಂದು ಬಳಗಕ್ಕೆ ಆದೇಶವಾಯಿತು. ಧೃತಿಯನ್ನು ಅವಳ ಸಂಸ್ಥೆ ಆ ಕೆಲಸದಿಂದ ತೆಗೆಯಿತು. ಕೊನೆಯದಾಗಿ ಅವಳು ಕೊಡಬೇಕಾದದ್ದು ಒಂದೇ. ತಿದ್ದಿದ ವರದಿ.

ಐದು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

*

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟವಳು, ಪ್ಲಿಮತ್‌ನ ಎಕ್ಸಿಟ್ ತೆಗೆದುಕೊಂಡಾಗ ಒಂದು ಗಂಟೆ ಮುಂದಿರುವ ಅಲ್ಲಿಯ ಗಡಿಯಾರದಲ್ಲಿ ಹನ್ನೆರಡಾಗಿತ್ತು.

ಬಾಗಿಲು ತೆರೆದದ್ದು ವೀರೇಶನ ತಾಯಿ ನೀಲಾಂಬಿಕಾ. ಮೇಲಿಂದ ಕೆಳಗೆ ನೋಡಿದರು.

"ನನ್ನ ಮಗನ ಮ್ಯಾಲ ಬರದಾಕಿ ನೀನೇನವ್ವಾ?"

"ಹೌದು ಆಂಟಿ."

"ಗ್ಯಾರೇಜಿನಾಗ ಅದಾನ, ಹೋಗು. ಅಲ್ಲಿ ಅಳಬ್ಯಾಡ ಮತ್ತ. ಅತ್ತರ ಅಂವಗ ಇನ್ನಷ್ಟು ಸಿಟ್ಟು ಬರ್ತದ."

ವೀರೇಶ ಸುಣ್ಣ ಸೋಸುತ್ತಿದ್ದ. ಅವಳನ್ನು ನೋಡಿದ. ಜರಡಿ ನಿಲ್ಲಿಸಲಿಲ್ಲ. ಮಂಡಳಿಯ ತೀರ್ಮಾನ ತನಗೂ ಮೇಲ್‌ನಲ್ಲಿ ಬಂದಿದೆ, ಕ್ಷಮೆ ಕೇಳಲು ಇಷ್ಟು ದೂರ ಬರುವ ಅಗತ್ಯವಿರಲಿಲ್ಲ, ಬಂದ ದಾರಿಯಲ್ಲೇ ಹೋಗಬಹುದು ಎಂದ.

"ಕ್ಷಮೆ ಕೇಳೋಕೆ ಬಂದಿಲ್ಲ." ಅವಳು ಬ್ಯಾಗಿನಿಂದ ಪುಸ್ತಕ, ಪೆನ್ನು ತೆಗೆದು ಒಂದು ಸುಣ್ಣದ ಡಬ್ಬಿಯ ಮೇಲೆ ಕೂತಳು. "ಹೊಸ ವರದಿ ಬರೀಬೇಕು. ಆ ಏಟುಗಳು ಹಳೇವು ಅಂತ ಗೊತ್ತಾಯ್ತು. ಯಾರು ಹೊಡೆದರು, ಯಾಕೆ ಹೊಡೆದರು ಗೊತ್ತಿಲ್ಲ. ನಿನಗೆ ಗೊತ್ತಿದೆ. ನೀನು ಹೇಳು, ನಾನು ಬರ್ಕೋತೀನಿ."

"ನಿಂಗ ಬೇಕಾದಾಗ ಕೇಳ್ತಿ?"

"ಹೌದು. ಎರಡು ವಾರ ಲೇಟು. ಆದ್ರೂ ಕೇಳ್ತಿದೀನಿ."

ಜರಡಿ ನಿಂತಿತು. ಅವನು ಕೈಯ ಸುಣ್ಣ ಕೊಡವಿಕೊಂಡ. ಆಮೇಲೆ ಸಿಡುಕುತ್ತಲೇ, ಬರ್ಕೋ ಎಂದ.

ಹೊಡೆದವರು ನೆಲ್ಲೊನ ಅಪ್ಪ ಮತ್ತು ಅವನ ಜೊತೆಯವರು. ಸಾವಿರದ ಒಂಬೈನೂರ ನಲವತ್ತೆರಡು, ಯುದ್ಧದ ವರ್ಷ. ಇಟಲಿ ವೈರಿದೇಶ. ಇಟಾಲಿಯನ್ ಮಾತಾಡಿದರೆ ಬೀದಿಯಲ್ಲಿ ಉಗುಳುವ ಕಾಲ. ಹೆದರಿ, ತಮ್ಮ ಊರನ್ನು ತಾವೇ ಮುಚ್ಚಿಬಿಟ್ಟರು. ಚಿತ್ರ ಬರೆದ ಕೈಗಳೇ ಸುತ್ತಿಗೆ ಹಿಡಿದವು. ಮುಖ ಕೊಚ್ಚಿದರು, ಕೊರಳು ಕೊಚ್ಚಿದರು. ಅಂಗೈಯ ಹತ್ತಿರ ಬಂದಾಗ ನೆಲ್ಲೊನ ಅಪ್ಪ ಸುತ್ತಿಗೆ ಕೆಳಗಿಟ್ಟ. ಅಲ್ಲಿ ತನ್ನ ಅವ್ವನ ಮನೆ ಇದೆ, ನಾ ಹೊಡೆಯುವುದಿಲ್ಲ ಎಂದ. ಗಾರೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಅಲ್ಲಿ ಹಾಗೇ ಬಳಿದರು.

ಧೃತಿಯ ಪೆನ್ನು ತಡವರಿಸಿತು. "ಏಟು ಬಿದ್ದ ಕಡೆನೇ ಅಲ್ವಾ ಗಾರೆ ಗಟ್ಟಿಯಾಗಿ ಹಿಡ್ಕೊಂಡಿದ್ದು... ಮನುಷ್ಯರೂ..."

"ಕಥಿ ಕಟ್ಟಬ್ಯಾಡ," ಎಂದ ಅವನು ಥಟ್ಟನೆ. "ಏಟು ಅಂದ್ರ ಏಟು. ನೋವಾಗ್ತದ. ಅಷ್ಟ."

ಅವಳು ಪೆನ್ನು ಕೆಳಗಿಟ್ಟಳು.

"ನೋವಾಯ್ತಾ?"

ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಶಾಲೆ ಬಿಟ್ಟ ದಿನ ಅಪ್ಪ ಕೇಳಲಿಲ್ಲ. ನಕ್ಕವರಂತೂ ಕೇಳಲಿಲ್ಲ. ಅವನು ಮುಖ ಆ ಕಡೆ ತಿರುಗಿಸಿದ.

"ಆತು. ಭಾಳ ಆತು. ಬ್ಯಾರೆ ಯಾರರ ಬರದಿದ್ರ ಅವರ ಮನಿ ಮುಂದ ಹೋಗಿ ಬೈದು ಬರ್ತಿದ್ದೆ. ನೀ ಬರದಿದ್ದಿ. ಬೈಯಾಕ ಬಾಯಿ ಬರ್ಲಿಲ್ಲ."

"ನಾನು ಯಾಕೆ ಫೋನ್ ಮಾಡ್ಲಿಲ್ಲ ಗೊತ್ತಾ?" ಅವಳ ದನಿ ಒಡೆಯಿತು. ಅಳಬಾರದು ಎಂದಿದ್ದರು ಆಂಟಿ. ತುಟಿ ಕಚ್ಚಿ ಹಿಡಿದಳು. "ನಿನ್ನ ದನಿ ಕೇಳಿದ್ರೆ ನೀನು ಏನು ಹೇಳಿದ್ರೂ ನಂಬಿಬಿಡ್ತೀನಿ ಅಂತ ಹೆದರಿಕೆ ಆಯ್ತು. ಅಷ್ಟು... ಅಷ್ಟು ಇಷ್ಟಪಟ್ಟಿದ್ದೆ ನಿನ್ನ. ಆ ಹೆದರಿಕೆಗೆ ನಿನ್ನನ್ನೇ ಬಲಿ ಕೊಟ್ಟೆ."

"ಇದೆಂಥಾ ಪ್ರೀತಿ ಇದು?"

"ಕೆಟ್ಟ ಪ್ರೀತಿ. ನನಗೆ ಬರೋದು ಇಷ್ಟೇ. ನೀನು ಬಿಟ್ರೆ ಸರಿಯಾಗಿ ಕಲೀತೀನಿ."

ಅವನು ಅವಳ ತೊಡೆಯ ಮೇಲಿದ್ದ ಪುಸ್ತಕ ಎತ್ತಿಕೊಂಡ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ, ತುಟಿಯಾಡಿಸುತ್ತ, ನಿಧಾನವಾಗಿ ಓದಿದ. ಅವನ ಹೆಸರಿನ ಮುಂದೆ 'ಕೆಲಸಗಾರ' ಎಂದಿತ್ತು. ಪೆನ್ನು ಕೇಳಿ ತೆಗೆದುಕೊಂಡು, ಅದನ್ನು ಹೊಡೆದು, ಮೇಲೆ 'ಗಾರೆಯವನು' ಎಂದು ಬರೆದು ವಾಪಸು ಕೊಟ್ಟ. ಕೊಡುವಾಗ ಅವಳ ಕೈ ಹಿಡಿದವನು ಬಿಡಲಿಲ್ಲ. ಅವನ ಅಂಗೈ ಉಪ್ಪುಕಾಗದದ ಹಾಗಿತ್ತು. ಅವಳು ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಒಳಗಿನಿಂದ ನೀಲಾಂಬಿಕಾ ರೊಟ್ಟಿ ಆರುತ್ತಿವೆ ಎಂದು ಕೂಗಿದರು. ಇಬ್ಬರಿಗೂ ಸೇರಿಸಿಯೇ ಕೂಗಿದ್ದರು.

"ಸಿಟ್ಟು ಹೋಯ್ತಾ?" ಎಂದಳು ಧೃತಿ.

"ಇಲ್ಲ."

"ಎಷ್ಟು ದಿನ ಇರುತ್ತೆ?"

"ನಂಗೇನು ಗೊತ್ತು," ಎಂದ ವೀರೇಶ, ಅವಳ ಕೆನ್ನೆಗೆ ಹತ್ತಿದ ಸುಣ್ಣವನ್ನು ಹೆಬ್ಬೆರಳಿನಿಂದ ಒರೆಸುತ್ತ. "ಇದ್ದು ನೋಡು."